ನಮ್ಮ ಮನೆಯ ನೆಲ: ಶಹಾಬಾದ ಫರಸಿಯ ಕಥೆ

ನಾಡಿನ ಚರಿತ್ರೆಯನ್ನು ಕೋಟೆ ಕೊತ್ತಲಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಅರಸುವುದು ವಾಡಿಕೆ. ನಾವು ದಿನವೂ ತುಳಿದಾಡುವ ನೆಲಕ್ಕೂ ಒಂದು ಚರಿತ್ರೆಯುಂಟು. ಸೊಲ್ಲಾಪುರ, ಅಕ್ಕಲಕೋಟೆಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ಹಾಸಿರುವ ಬೂದುಬಣ್ಣದ ಫರಸಿಯೇ ಅದಕ್ಕೆ ಸಾಕ್ಷಿ.

ನಮ್ಮದು ಎರೆಯ ನಾಡು. ಇದರ ಅಡಿಯಲ್ಲಿರುವುದು ಜ್ವಾಲಾಮುಖಿಯ ರಸವು ಆರಿ ಗಟ್ಟಿಯಾದ ಕರಿಯ ಕಲ್ಲು. ಗೋಡೆಗೆ ಅದು ಒಳ್ಳೆಯದೇ. ಆದರೆ ಹಲಗೆಯಂತೆ ಸೀಳಿ ಬರುವಂಥದಲ್ಲ. ಆದುದರಿಂದ ಸಾಮಾನ್ಯರ ಮನೆಯಲ್ಲಿ ಬಡಿದು ಸಮಮಾಡಿದ ಮಣ್ಣಿನ ಮೇಲೆ ಸೆಗಣಿಯ ಸಾರಣೆ, ಉಳ್ಳವರ ವಾಡೆಗಳಲ್ಲಿ ಸುಣ್ಣದ ಗಚ್ಚು, ಇವೇ ನೆಲವಾಗಿದ್ದವು.

ಪೂರ್ವಕ್ಕೆ, ಭೀಮೆ ಕಾಗಿಣೆಗಳ ಸೀಮೆಯಲ್ಲಿ, ನೆಲದ ಗುಣವೇ ಬೇರೆ. ಕರಿಯ ಕಲ್ಲಿಗಿಂತ ಎಷ್ಟೋ ಹಿಂದೆ, ಪ್ರಾಚೀನ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂಡಿದ ಸುಣ್ಣಕಲ್ಲು ಅಲ್ಲಿದೆ. ಪದರಿನ ಸಂದಿನಲ್ಲಿ ಉಳಿಯಿಟ್ಟು ಬಡಿದರೆ ಚಪ್ಪಟೆಯಾದ ಹಾಸುಗಲ್ಲು ಎದ್ದುಬರುತ್ತದೆ. ಶಹಾಬಾದ, ವಾಡಿ, ಸೇಡಂಗಳಿಂದ ತಾಂಡೂರಿನವರೆಗೆ ಈ ಶಿಲೆ ಹಬ್ಬಿದೆ.

ಇಷ್ಟು ಭಾರದ ಕಲ್ಲನ್ನು ಬಂಡಿಯ ಮೇಲೆ ದೂರ ಸಾಗಿಸುವುದು ಸುಲಭವಲ್ಲ. ಆ ತೊಡಕನ್ನು ಕಳೆದುದು ರೈಲು. 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿದ ಹಳಿ 1871ರಲ್ಲಿ ಶಹಾಬಾದದ ಮೇಲೆ ಹಾಯ್ದು ರಾಯಚೂರನ್ನು ಸೇರಿತು. 1874ರಲ್ಲಿ ವಾಡಿಯಿಂದ ತಾಂಡೂರಿನ ಮಾರ್ಗವಾಗಿ ಸಿಕಂದರಾಬಾದಿಗೆ ಇನ್ನೊಂದು ಕವಲೊಡೆಯಿತು. ಗಣಿಯೂ ಪೇಟೆಯೂ ಒಂದೇ ಹಳಿಯ ಮೇಲಾದವು. ಕಲ್ಲಿಗೆ ಊರಿನ ಹೆಸರೇ ಅಂಟಿತು.

ಫರಸಿ ಹಾಸುವುದು ವಿವೇಚನೆಯ ಕೆಲಸ. ಎರೆಯ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ; ಅದರ ಮೇಲೆಯೇ ಕಲ್ಲಿಟ್ಟರೆ ನೆಲ ಏಳುಬೀಳಾಗುವುದು ಖಂಡಿತ. ಆದುದರಿಂದ ಎರೆಯನ್ನು ಅಗೆದು ತೆಗೆದು, ಗರಸು ತುಂಬಿ, ನೀರು ಹೊಯ್ದು ಧಮ್ಮಸು ಮಾಡಬೇಕು. ಬಳಿಕ ದಾರ ಕಟ್ಟಿ ಮಟ್ಟ ನೋಡಿ, ಬಚ್ಚಲಿನತ್ತ ತುಸು ಇಳಿಜಾರು ಬಿಟ್ಟು, ಗಾರೆಯ ಮೇಲೆ ಕಲ್ಲನ್ನು ಕೂರಿಸಬೇಕು. ಕೂರಿಸಿದ ಕಲ್ಲನ್ನು ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅದನ್ನು ಎತ್ತಿ ಮತ್ತೆ ಹಾಕಬೇಕು. ಸುಣ್ಣಕಲ್ಲಿಗೆ ಹುಳಿ ವೈರಿ. ಹುಣಸೆಯ ರಸವೋ ನಿಂಬೆಯ ರಸವೋ ಬಿದ್ದಲ್ಲಿ ಹೊಳಪು ಅಳಿದು ಕಲೆ ನಿಲ್ಲುತ್ತದೆ.

ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ‘ಫರಸಿ’ಯ ಮೂಲ ಅರಬ್ಬಿಯ ‘ಫರ್ಶ್’. ಹಾಸುವುದು, ಹರಡುವುದು ಎಂದು ಅದರರ್ಥ. ನಮ್ಮ ‘ಹಾಸುಗಲ್ಲು’ ಹೇಳುವುದೂ ಅದನ್ನೇ. ಮರಾಠಿಯ ಮನೆಯಲ್ಲಿಯೂ ಕನ್ನಡದ ಮನೆಯಲ್ಲಿಯೂ ಇಂದು ಸಲ್ಲುವ ಮಾತು ಇದೊಂದೇ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಅದರ ತಾಂಡೂರು, ಕೊಡಂಗಲ್ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಸಂದು, 2014ರಿಂದ ತೆಲಂಗಾಣದಲ್ಲಿವೆ. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಹೀಗೆ ಒಂದೇ ಶಿಲೆಯ ಪದರಿನ ಮೇಲೆ ಗಡಿಯ ಗೆರೆ ಬಿದ್ದಿತು. ಕಲ್ಲನ್ನು ಕಡಿಯುವವರು ಒಂದು ರಾಜ್ಯದಲ್ಲಿ, ಅದನ್ನು ಹಾಸಿ ಬಾಳುವವರು ಮತ್ತೊಂದರಲ್ಲಿ ಆದರು. ಆದರೂ ಆ ಕಲ್ಲಿನ ನಂಟು ಕಡಿಯಲಿಲ್ಲ.

ಈಗ ಹೊಳೆಯುವ ಯಂತ್ರನಿರ್ಮಿತ ಟೈಲ್ಸುಗಳು ಬಂದಿವೆ. ಅವು ಕಲೆ ಹಿಡಿಯವು, ಬೇಗ ಕೂರುತ್ತವೆ. ಹೊಸತನ್ನು ಬಯಸುವವರನ್ನು ನಾವು ಹಳಿಯುವುದಿಲ್ಲ. ಆದರೆ ಮನೆ ದುರಸ್ತಿಯ ನೆಪದಲ್ಲಿ ಗಟ್ಟಿಯಾಗಿರುವ ಫರಸಿಯನ್ನು ಒಡೆದು ತಿಪ್ಪೆಗೆ ಸುರಿಯುವುದು ನಷ್ಟವೇ ಸರಿ. ಸವೆದ ಕಲ್ಲನ್ನು ಮತ್ತೆ ಉಜ್ಜಿ ಹೊಳಪು ತರಬಹುದು. ಜೋಪಾನವಾಗಿ ಎಬ್ಬಿಸಿದರೆ ಅಂಗಳಕ್ಕೋ ಹಿತ್ತಲಿಗೋ ಹಾಸಬಹುದು. ಕಿತ್ತುಹಾಕುವ ಮುನ್ನ ಅದನ್ನು ಯಾವ ವರ್ಷ, ಯಾರು ಹಾಸಿದರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡೋಣ. ಗಡಿಯಾಚೆಯ ಕನ್ನಡಿಗರ ಮನೆಮಾತಿನ ಚರಿತ್ರೆಗೆ ಅದೂ ಒಂದು ದಾಖಲೆ.