ಕೊಠಡಿಯ ಗಾಳಿ ಮತ್ತು ಕಾಣದ ಬೆಳಕು

ಕಾಪುವಿನ ಸಮೀಪದ ಇನ್ನಂಜೆಯ ಕಡೆ, ಮಳೆಗಾಲ ಕಳೆದು ಬಿಸಿಲು ಕಾಯತೊಡಗಿದೊಡನೆ ಹಾಸಿಗೆ ಕಂಬಳಿಗಳನ್ನು ಅಂಗಳದಲ್ಲಿ ಹರಡುವ ವಾಡಿಕೆಯುಂಟು. ಬಿಸಿಲು ಮುಗ್ಗಲನ್ನೂ ರೋಗವನ್ನೂ ಕಳೆಯುವುದೆಂಬ ಹಿರಿಯರ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ ಆಷಾಢದ ಮಳೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಹತ್ತು ಮಂದಿ ಒಂದೇ ಕೋಣೆಯಲ್ಲಿ ಕುಳಿತಾಗ ಗತಿಯೇನು? ಹಂಚಿನ ಮಾಡಿನ ನಡುವೆ ಕೂರಿಸಿದ ಗಾಜಿನ ಹಂಚು ಬೆಳಕನ್ನೇನೋ ಇಳಿಸುತ್ತದೆ. ಕ್ರಿಮಿಗಳನ್ನು ಕೊಲ್ಲತಕ್ಕ ಕಿರಣಗಳನ್ನು ಮಾತ್ರ ಬಹುಮಟ್ಟಿಗೆ ಹೊರಗೇ ತಡೆದುಬಿಡುತ್ತದೆ. ಜನರಿರುವ ಕೋಣೆಯೊಳಕ್ಕೆ ಆ ಕಿರಣಗಳನ್ನು ತರಲು ನಡೆದ ಪ್ರಯತ್ನದ ಚರಿತ್ರೆಯನ್ನು ನಾವು ಇಂದು ಅವಲೋಕಿಸೋಣ.

1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು, ಸೂರ್ಯನ ಬೆಳಕು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುದೆಂದು ತೋರಿಸಿಕೊಟ್ಟರು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ ಡೆನ್ಮಾರ್ಕಿನ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಕಾಲದಲ್ಲಿ ಕ್ಷಯವು ಅರಮನೆ ಗುಡಿಸಲುಗಳೆಂಬ ಭೇದವನ್ನೆಣಿಸಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೇ ಅದಕ್ಕೆ ತುತ್ತಾದರು. ಅವರ ಸಹೋದರರಾದ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಆ ಹೆಸರನ್ನೇ ಹೊತ್ತ ಕ್ಷಯರೋಗಾಲಯವು ಮೈಸೂರಿನಲ್ಲಿ ಸ್ಥಾಪಿತವಾಯಿತು. ತಕ್ಕ ಔಷಧವಿನ್ನೂ ಹುಟ್ಟಿರಲಿಲ್ಲವಾದುದರಿಂದ ಅಂದಿನ ಆರೋಗ್ಯಧಾಮಗಳಿಗೆ ಗಾಳಿ, ಬಿಸಿಲು, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇವೇ ಆಧಾರ.

ರೋಗವು ಒಬ್ಬರಿಂದ ಒಬ್ಬರಿಗೆ ದಾಟುವ ಬಗೆಯನ್ನು ಅಮೆರಿಕದ ವಿಲಿಯಂ ವೆಲ್ಸ್ ಅವರು 1930ರ ದಶಕದಲ್ಲಿ ವಿಶದಪಡಿಸಿದರು. ಕೆಮ್ಮಿದಾಗ ಹೊರಬೀಳುವ ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ಸಣ್ಣವು ಕ್ಷಣಮಾತ್ರದಲ್ಲಿ ಒಣಗಿ, ಕ್ರಿಮಿಯನ್ನು ಹೊತ್ತು ಬಹಳ ಹೊತ್ತು ತೇಲುತ್ತವೆ. ಇದಕ್ಕೆ ವೆಲ್ಸ್ ಕಂಡುಕೊಂಡ ಉಪಾಯ ಸರಳವಾದುದು. ಪಾದರಸದ ಆವಿಯ ದೀಪವು ಸೂಸುವ, 254 ನ್ಯಾನೊಮೀಟರು ಅಲೆಯುದ್ದದ ನೇರಳಾತೀತ ಕಿರಣವನ್ನು ತಲೆಯ ಮೇಲಿನ ಗಾಳಿಯಲ್ಲಿ ಮಾತ್ರ ಹಾಯಿಸುವುದು. ಕೆಳಗಿನ ಗಾಳಿ ಮೇಲೇರಿ ಶುದ್ಧವಾಗಿ ಇಳಿಯುತ್ತದೆ. 1937ರಿಂದ ಫಿಲಡೆಲ್ಫಿಯಾ ಪ್ರಾಂತದ ಶಾಲೆಗಳಲ್ಲಿ ಈ ದೀಪಗಳನ್ನಿರಿಸಲಾಯಿತು. 1941ರ ದಡಾರದ ಹಾವಳಿಯಲ್ಲಿ ದೀಪವಿದ್ದ ತರಗತಿಗಳ ಮಕ್ಕಳಿಗೆ ರೋಗ ತಗುಲಿದ್ದು ಬಹಳ ಕಡಿಮೆ.

ಆದರೆ ಮುಂದೆ ಬೇರೆಡೆಗಳಲ್ಲಿ ನಡೆದ ಪರೀಕ್ಷೆಗಳು ಅಷ್ಟು ಫಲ ಕೊಡಲಿಲ್ಲ. ಮಕ್ಕಳು ಶಾಲೆಯ ಹೊರಗೂ ಬೆರೆಯುವವರಲ್ಲವೆ? ಬಾಲ್ಟಿಮೋರಿನಲ್ಲಿ ರೈಲಿ ಮತ್ತವರ ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಮಹಡಿಯ ಮೇಲಿನ ಗಿನಿಯಿಲಿಗಳ ಗೂಡಿಗೆ ಹರಿಸಿದರು. ಗಿನಿಯಿಲಿಗಳಿಗೆ ರೋಗ ತಗುಲಿತು. ಕಿರಣ ಹಾಯಿಸಿದ ಗಾಳಿಯನ್ನುಸಿರಾಡಿದವುಗಳಿಗೆ ತಗುಲಲಿಲ್ಲ. ಆ ವೇಳೆಗಾಗಲೇ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಮತ್ತಿತರ ಔಷಧಗಳು ಬಂದಿದ್ದವು. ಮದ್ದಿರುವಾಗ ದೀಪವೇಕೆಂದು ಲೋಕವು ಅದನ್ನು ಬಹುಮಟ್ಟಿಗೆ ಮರೆಯಿತು.

ಮದ್ದಿಗೆ ಬಗ್ಗದ ಕ್ಷಯ ತಲೆದೋರಿದಾಗ ದೀಪದ ನೆನಪು ಮರಳಿತು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಯೊಂದರ ಪರೀಕ್ಷೆಯ ವರದಿ 2009ರಲ್ಲಿ ಪ್ರಕಟವಾಯಿತು. ವಾರ್ಡಿನ ಗಾಳಿಯನ್ನುಸಿರಾಡಿದ ಗಿನಿಯಿಲಿಗಳಲ್ಲಿ ನೂರಕ್ಕೆ 35ಕ್ಕೆ ಸೋಂಕು ತಗುಲಿತ್ತು. ದೀಪ ಉರಿದಾಗ ಅದು ನೂರಕ್ಕೆ ಹತ್ತರೊಳಗಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯದ ತಡೆಗೆ ಈ ವಿಧಾನವನ್ನೂ ಸೂಚಿಸಿತು. ಮರುವರ್ಷವೇ ಕೋವಿಡ್ ಮಾರಿಯು ಕೊಠಡಿಯ ಗಾಳಿಯ ವಿಷಯವನ್ನು ಎಲ್ಲರ ಬಾಯಲ್ಲೂ ತಂದಿತು.

ಎಚ್ಚರಿಕೆಯ ಮಾತೊಂದುಂಟು. 254ರ ಕಿರಣವು ಕಣ್ಣನ್ನೂ ಚರ್ಮವನ್ನೂ ಸುಡತಕ್ಕದ್ದು; ಬಲ್ಲವರು ಅಳೆದು, ಎತ್ತರದಲ್ಲಿ, ಮರೆ ಕಟ್ಟಿ ಕೂರಿಸಬೇಕಾದುದು. 222 ನ್ಯಾನೊಮೀಟರಿನ ಕಿರಣವು ಚರ್ಮದ ಒಳಪದರಗಳಿಗೆ ಅಷ್ಟಾಗಿ ಇಳಿಯದೆಂಬ ಕಾರಣದಿಂದ ಅದರ ವಿಷಯವಾಗಿ ಶೋಧನೆ ಸಾಗಿದೆ. ಯಾವ ದೀಪವೂ ತೆರೆದ ಕಿಟಕಿಗಾಗಲಿ ಔಷಧಕ್ಕಾಗಲಿ ಬದಲಲ್ಲ.

ಮಕ್ಕಳಿಗೆ ಕೊಡುವ ನೀರನ್ನು ನಾವು ಸೋಸಿ, ಕಾಯಿಸಿ ಕೊಡುತ್ತೇವೆ. ಅದೇ ಮಕ್ಕಳು ಮಳೆಗಾಲದ ತರಗತಿಯಲ್ಲಿ ಒಬ್ಬರುಸಿರನ್ನೊಬ್ಬರು ಎಳೆದುಕೊಳ್ಳುತ್ತಿರುವಾಗ ಸುಮ್ಮನಿರುತ್ತೇವೆ. ಬಿಸಿಲು ಬಂದಾಗ ಹಾಸಿಗೆಯನ್ನು ಹೊರಗೆ ಹರಡಿದ ಹಿರಿಯರ ವಿವೇಕವನ್ನು, ಬಿಸಿಲಿಲ್ಲದ ದಿನಗಳಿಗೂ ಕೊಠಡಿಯ ಗಾಳಿಗೂ ವಿಸ್ತರಿಸುವುದು ಈಗ ನಮ್ಮ ಕರ್ತವ್ಯವಾಗಿದೆ.