ಹೊರಾಂಗಣ ಅಡುಗೆಮನೆ

ಹೊರಾಂಗಣ ಅಡುಗೆಮನೆ ಎಂದರೆ ಮನೆಯ ಮುಖ್ಯ ಕಟ್ಟಡದ ಹೊರಗೆ, ಸಾಮಾನ್ಯವಾಗಿ ಹಿತ್ತಿಲು, ಕೈತೋಟ ಅಥವಾ ತಾರಸಿಯಲ್ಲಿ, ಅಡುಗೆಗಾಗಿ ಶಾಶ್ವತವಾಗಿ ರೂಪಿಸಿದ ಸ್ಥಳ. ಒಲೆ, ಕೆಲಸದ ಕಟ್ಟೆ, ಸಿಂಕ್ ಮತ್ತು ಚಾವಣಿ ಇದರ ಮುಖ್ಯ ಅಂಗಗಳು. ಬೇಕೆಂದಾಗ ಹೊರಗೆ ತಂದು ಮತ್ತೆ ಒಳಗಿಡುವ ಬಾರ್ಬೆಕ್ಯೂ ಒಲೆಯೊಂದೇ ಇರುವ ಅಂಗಳವನ್ನು ಈ ಹೆಸರಿನಿಂದ ಕರೆಯುವುದು ವಾಡಿಕೆಯಲ್ಲಿಲ್ಲ.

ಹಿನ್ನೆಲೆ

ಹೊಗೆ, ಸೆಕೆ ಮತ್ತು ಬೆಂಕಿಯ ಭಯವನ್ನು ವಾಸದ ಕೋಣೆಗಳಿಂದ ದೂರವಿಡುವ ಸಲುವಾಗಿ ಒಲೆಯನ್ನು ಹೊರಗೆ ಹೂಡುವ ರೂಢಿ ಅನೇಕ ದೇಶಗಳಲ್ಲಿದೆ. ಅಮೆರಿಕದ ಹಳೆಯ ತೋಟದ ಮನೆಗಳಲ್ಲಿ ಪ್ರತ್ಯೇಕವಾದ 'ಬೇಸಿಗೆ ಅಡುಗೆಮನೆ' ಇರುತ್ತಿತ್ತು. ಫಿಲಿಪ್ಪೀನ್ಸ್‌ನಲ್ಲಿ ಮೀನು ಹುರಿಯುವಂತಹ ಘಾಟಿನ ಕೆಲಸಗಳಿಗೆ ಮನೆಯ ಹಿಂಬದಿಯ 'ಡರ್ಟಿ ಕಿಚನ್' ಇಂದಿಗೂ ಬಳಕೆಯಲ್ಲಿದೆ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಕುಚ್ಚಲಕ್ಕಿಗೆ ಭತ್ತ ಬೇಯಿಸಲು, ಹಪ್ಪಳಕ್ಕೆ ಹಲಸಿನ ತೊಳೆ ಬೇಯಿಸಲು, ಮದುವೆ ಮುಂಜಿಗಳ ದೊಡ್ಡ ಅಡುಗೆಗೆ ಹೊರಗಿನ ಒಲೆಯೇ ಆಧಾರವಾಗಿತ್ತು. ಆದುದರಿಂದ ಇಂದು ನಗರಗಳಲ್ಲಿ ಹೊಸ ಶೋಕಿಯೆಂಬಂತೆ ಕಾಣುವ ಈ ವ್ಯವಸ್ಥೆ ಇಲ್ಲಿಗೆ ತೀರ ಹೊಸತೇನಲ್ಲ. ಅದರ ಆಧುನಿಕ ರೂಪ ಮಾತ್ರ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಉಪನಗರಗಳಲ್ಲಿ ಹಬ್ಬಿತು; 1952ರಲ್ಲಿ ಜಾರ್ಜ್ ಸ್ಟೀಫನ್ ರೂಪಿಸಿದ, ಮುಚ್ಚಳವುಳ್ಳ ಗುಂಡನೆಯ ವೆಬರ್ ಇದ್ದಿಲು ಒಲೆ ಅದಕ್ಕೆ ಹೆಚ್ಚಿನ ಜನಪ್ರಿಯತೆ ತಂದಿತು.

ಸ್ಥಳ ಮತ್ತು ವಿನ್ಯಾಸ

ಸ್ಥಳದ ಆಯ್ಕೆಯಲ್ಲಿ ನೋಟಕ್ಕಿಂತ ಗಾಳಿಯ ದಿಕ್ಕು ಮುಖ್ಯ. ಕರ್ನಾಟಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬರುತ್ತದೆ. ವರ್ಷವಿಡೀ ಸರಿಹೊಂದುವ ದಿಕ್ಕು ಎಂಬುದಿಲ್ಲವಾದ್ದರಿಂದ, ಮಳೆಗಾಳಿ ಬಡಿಯುವ ಪಶ್ಚಿಮ ಮಗ್ಗುಲಿಗೆ ಗೋಡೆ ಅಥವಾ ಜಾಲಂದ್ರವನ್ನಿಟ್ಟು ಉಳಿದ ಬದಿಗಳನ್ನು ತೆರೆದಿಡುವುದು ಪ್ರಾಯೋಗಿಕ ಪರಿಹಾರ. ಒಳಗಿನ ಅಡುಗೆಮನೆಗೆ ಹತ್ತಿರವಿದ್ದಷ್ಟೂ ಪಾತ್ರೆಪಗಡಗಳನ್ನು ಹೊತ್ತು ತಿರುಗುವ ಶ್ರಮ ಕಡಿಮೆಯಾಗುತ್ತದೆ. ದೂರದ ಮರದಡಿಯಲ್ಲಿ ಅಂದವಾಗಿ ಕಟ್ಟಿಸಿದ ಕಟ್ಟೆಗಳು ಬಳಕೆಯಿಲ್ಲದೆ ಉಳಿಯುವುದಕ್ಕೆ ಈ ಶ್ರಮವೇ ಬಹುಮಟ್ಟಿಗೆ ಕಾರಣ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್. ಒಲೆಯ ಎರಡೂ ಬದಿಗಳಲ್ಲಿ ಬಿಸಿ ಪಾತ್ರೆ ಇಳಿಸಲು ಖಾಲಿ ಜಾಗವಿರಬೇಕು. ನೆಲಕ್ಕೆ ಒರಟು ಮೈಯ ಕಲ್ಲನ್ನು ಹಾಸಿ, ನೀರು ಮನೆಯ ಗೋಡೆಯಿಂದ ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಲಾಗುತ್ತದೆ. ತೊಳೆದ ನೀರನ್ನು ಬಾಳೆ ಮತ್ತು ಕೆಸುವಿನ ಬುಡಕ್ಕೆ ಬಿಡುವ ಹಳೆಯ ಹಿತ್ತಿಲ ಪದ್ಧತಿ ಇಲ್ಲಿಯೂ ಉಪಯುಕ್ತ. ಜಿಡ್ಡಿನ ನೀರನ್ನು ಮಾತ್ರ ಮೊದಲು ಸಣ್ಣ ಗುಂಡಿಯಲ್ಲಿ ತಂಗಿಸಬೇಕಾಗುತ್ತದೆ.

ಸಾಮಗ್ರಿಗಳು

ಬಿಸಿಲು ಮಳೆಗಳಿಗೆ ಒಡ್ಡಿಕೊಳ್ಳುವ ಕಟ್ಟೆಗೆ ಗ್ರಾನೈಟ್ ಸೂಕ್ತ. ಅಮೃತಶಿಲೆಯು ಸುಣ್ಣದಂಶದಿಂದ ಕೂಡಿರುವುದರಿಂದ ನಿಂಬೆ, ಹುಣಸೆ ರಸಗಳು ತಗುಲಿದಲ್ಲಿ ಅದರ ಹೊಳಪು ಅಳಿಯುತ್ತದೆ. ಒಳಾಂಗಣದ ಕಪಾಟುಗಳಿಗೆ ಬಳಸುವ ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳು ತೇವದಲ್ಲಿ ಉಬ್ಬುತ್ತವೆ. ಲೋಹದ ಭಾಗಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕಾಗುತ್ತದೆಯಾದರೂ ಕಡಲತೀರದ ಉಪ್ಪುಗಾಳಿಗೆ ಅದರ ಮೇಲೆ ಕಂದು ಕಲೆಗಳು ಮೂಡುತ್ತವೆ. ಮಾಲಿಬ್ಡಿನಮ್ ಬೆರೆತ 316 ದರ್ಜೆಯು ಹೆಚ್ಚು ತಾಳಿಕೆಯುಳ್ಳದ್ದು. ಬೆಂಕಿ ನೇರವಾಗಿ ತಾಗುವ ಒಳಮೈಗೆ ಸಾಮಾನ್ಯ ಕಾಂಕ್ರೀಟಿನ ಬದಲು ಅಗ್ನಿನಿರೋಧಕ ಇಟ್ಟಿಗೆಯನ್ನೇ ಬಳಸಬೇಕು. ಹೊಳೆಯಿಂದ ತಂದ ಕಲ್ಲುಗಳೊಳಗೆ ಸೇರಿದ ನೀರು ಕಾದು ಆವಿಯಾದಾಗ ಅವು ಸಿಡಿಯುವುದುಂಟು.

ಸುರಕ್ಷತೆ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ಅದು ಮೇಲೇರದೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಆದುದರಿಂದ ಕಟ್ಟೆಯ ಕೆಳಗಿನ ಸಿಲಿಂಡರ್ ಗೂಡಿಗೆ ಮೇಲ್ಭಾಗದಲ್ಲಿ ಮಾತ್ರವಲ್ಲದೆ ನೆಲಕ್ಕೆ ತಾಗಿದಂತೆಯೂ ಗಾಳಿಕಿಂಡಿಗಳಿರಬೇಕು. ಅಂದಕ್ಕಾಗಿ ಎಲ್ಲ ಬದಿಗಳನ್ನೂ ಮುಚ್ಚಿದ ಗೂಡಿನಲ್ಲಿ ಒಂದು ಸಣ್ಣ ಸೋರಿಕೆಯೂ ಸ್ಫೋಟಕ್ಕೆ ದಾರಿಯಾಗಬಲ್ಲದು.

ಇದ್ದಿಲಿನ ಒಲೆಯ ಅಪಾಯ ಬೇರೆ ಬಗೆಯದು. ಮಳೆ ಬಂತೆಂದು ಉರಿಯುತ್ತಿರುವ ಅಥವಾ ಕೆಂಡ ಆರದಿರುವ ಒಲೆಯನ್ನು ಕೋಣೆಯೊಳಗೆ, ಗ್ಯಾರೇಜಿನೊಳಗೆ ತಂದಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಹೊಗೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಮಲಗಿದವರು ನಿದ್ರೆಯಲ್ಲಿಯೇ ಸಾವನ್ನಪ್ಪಬಹುದು. ಒಲೆಯ ಮೇಲೆ ಆರಂಭದಲ್ಲಿಯೇ ಚಾವಣಿ ಹಾಕಿಸಿ ಬದಿಗಳನ್ನು ತೆರೆದಿಡುವುದು ಈ ಪ್ರಲೋಭನೆಯನ್ನು ತಪ್ಪಿಸುತ್ತದೆ. ಅದೇ ಕಾರಣದಿಂದ, ಇಂತಹ ಚಾವಣಿಗೆ ಮುಂದೆ ಸುತ್ತಲೂ ಗಾಜು ಅಥವಾ ಪ್ಲಾಸ್ಟಿಕ್ ಪರದೆ ಕಟ್ಟಿ ಕೋಣೆಯಾಗಿ ಮಾರ್ಪಡಿಸುವುದು ಸಲ್ಲದು.

ತೋಟದ ಕಡ್ಡಿಕಸಗಳೆಲ್ಲವೂ ಉರುವಲಲ್ಲ. ಬೇಲಿಯಲ್ಲಿ ಬೆಳೆಯುವ ಕಣಗಿಲೆಯ ಎಲ್ಲ ಭಾಗಗಳೂ ವಿಷಯುಕ್ತವಾಗಿದ್ದು, ಅದರ ಹೊಗೆಯೂ ಹಾನಿಕರ. ಬಣ್ಣ ಬಳಿದ ಅಥವಾ ಗೆದ್ದಲು ನಿರೋಧಕ ರಾಸಾಯನಿಕ ಹಚ್ಚಿದ ಮರವನ್ನೂ ಅಡುಗೆಗೆ ಉರಿಸಬಾರದು. ಹೊರಾಂಗಣದ ವಿದ್ಯುತ್ ಸಂಪರ್ಕಗಳಿಗೆ ಮಳೆನೀರು ತಡೆಯುವ ಮುಚ್ಚಳ ಹಾಗೂ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅಗತ್ಯ.