ರೇಡ್ ವ್ಯೂಹಕ್ಕೆ ಎಸ್‌ಎಸ್‌ಡಿ ಕ್ಯಾಶ್: ವೇಗ ಮತ್ತು ದತ್ತಾಂಶ ಸುರಕ್ಷತೆ

ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್ ಪರಿಕಲ್ಪನೆಯನ್ನು ಮಂಡಿಸಿದಾಗಲೇ ಸಣ್ಣ ಬರಹಗಳು ಅದಕ್ಕೆ ದುಬಾರಿ ಎಂಬುದು ತಿಳಿದಿತ್ತು. ರೇಡ್-5ರಲ್ಲಿ ಒಂದು ಬ್ಲಾಕ್ ಬದಲಾಯಿಸಲು ಹಳೆಯ ದತ್ತಾಂಶ, ಹಳೆಯ ಪ್ಯಾರಿಟಿ (ಡಿಸ್ಕ್ ಹಾಳಾದಾಗ ದತ್ತಾಂಶವನ್ನು ಮರಳಿ ಕಟ್ಟಲು ಬಳಸುವ ಮಾಹಿತಿ) ಎರಡನ್ನೂ ಓದಿ, ಹೊಸದಾಗಿ ಎರಡನ್ನೂ ಬರೆಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಅರ್ಧ ಸುತ್ತಿಗೇ 4.17 ಮಿಲಿಸೆಕೆಂಡ್ ಬೇಕು. ಹೆಡ್ ಸರಿಯುವ ಸುಮಾರು 8 ಮಿಲಿಸೆಕೆಂಡ್ ಸೇರಿಸಿದರೆ, ಅದು ಸೆಕೆಂಡಿಗೆ 80ರಷ್ಟು ಚದುರಿದ ಕೋರಿಕೆಗಳನ್ನಷ್ಟೇ ಪೂರೈಸಬಲ್ಲದು. ನಾಲ್ಕು ಡಿಸ್ಕುಗಳ ರೇಡ್-5 ಇಂಥ ಬರಹಗಳಲ್ಲಿ ಒಂದೇ ಡಿಸ್ಕಿನ ಮಟ್ಟಕ್ಕೆ ಇಳಿಯುತ್ತದೆ.

ಈ ನಿಧಾನವನ್ನು ಮರೆಸಲು ಡಿಸ್ಕುಗಳ ಮುಂದೆ ಎಸ್‌ಎಸ್‌ಡಿಯನ್ನು ಕ್ಯಾಶ್ ಆಗಿ ಇಡುತ್ತಾರೆ. ಎಸ್‌ಎಸ್‌ಡಿ ಓದಿಗೆ 0.1 ಮಿಲಿಸೆಕೆಂಡ್ ಎಂದು ಹಿಡಿಯೋಣ. ನೂರರಲ್ಲಿ 90 ಓದುಗಳು ಕ್ಯಾಶಿನಲ್ಲೇ ಸಿಕ್ಕರೂ ಸರಾಸರಿ 1.3 ಮಿಲಿಸೆಕೆಂಡ್, 99 ಸಿಕ್ಕರೆ 0.22. ಉಳಿದ ಕೆಲವೇ ಓದುಗಳು ಸರಾಸರಿಯನ್ನು ಆಳುತ್ತವೆ. ಆದ್ದರಿಂದ ಕ್ಯಾಶಿಗೆ ಏನನ್ನು ಬಿಟ್ಟುಕೊಳ್ಳಬಾರದು ಎಂಬ ತೀರ್ಮಾನಕ್ಕೆ ತೂಕ ಬರುತ್ತದೆ. 2013ರಲ್ಲಿ ಲಿನಕ್ಸ್ 3.10ಕ್ಕೆ ಸೇರಿದ ಬಿಕ್ಯಾಶ್, 4 ಎಂಬಿ ದಾಟಿದ ಅನುಕ್ರಮ ಕೋರಿಕೆಗಳನ್ನು ನೇರ ಡಿಸ್ಕಿಗೇ ಕಳಿಸುತ್ತದೆ. ಅನುಕ್ರಮ ಓದಿನಲ್ಲಿ ಡಿಸ್ಕುಗಳೇ ಸಮರ್ಥ. ಇಲ್ಲದಿದ್ದರೆ ರಾತ್ರಿಯ ಒಂದು ಬ್ಯಾಕಪ್ ಉಪಯುಕ್ತ ಬ್ಲಾಕುಗಳನ್ನೆಲ್ಲ ಹೊರದೂಡೀತು.

ನಿಜವಾದ ಅಪಾಯವಿರುವುದು ರೈಟ್‌ಬ್ಯಾಕ್ ವಿಧಾನದಲ್ಲಿ. ಇಲ್ಲಿ ಬರಹ ಎಸ್‌ಎಸ್‌ಡಿ ತಲುಪಿದ ಕೂಡಲೇ 'ಮುಗಿಯಿತು' ಎಂಬ ಉತ್ತರ ಹೋಗುತ್ತದೆ; ಡಿಸ್ಕಿಗೆ ಇಳಿಯುವುದು ಆಮೇಲೆ. ಆ ನಡುವೆ ಹೊಸ ದತ್ತಾಂಶದ ಏಕೈಕ ಪ್ರತಿ ಎಸ್‌ಎಸ್‌ಡಿಯಲ್ಲಿರುತ್ತದೆ. ರೇಡ್-6 ಎರಡು ಡಿಸ್ಕುಗಳ ಸಾವನ್ನು ತಾಳಿಕೊಂಡೀತು, ಆದರೆ ಈ ಒಂದು ಎಸ್‌ಎಸ್‌ಡಿ ಸತ್ತರೆ ಕಡತ ವ್ಯವಸ್ಥೆಯ ಮೆಟಾಡೇಟಾ ಕೂಡ ಕಳೆದುಹೋಗಿ ಇಡೀ ಸಂಗ್ರಹವೇ ಓದಲಾಗದಂತಾಗಬಹುದು. ಪ್ಯಾರಿಟಿಗಾಗಿ ತೆತ್ತ ಬೆಲೆಯೆಲ್ಲ ಅಲ್ಲಿಗೆ ವ್ಯರ್ಥ.

ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಓದಿನ ಕ್ಯಾಶನ್ನು ಬರಹದ ಕೆಲಸದಿಂದ ಬೇರ್ಪಡಿಸಿದ್ದು ವಿವೇಕದ ನಡೆ. ಅದರ ಎಲ್2ಆರ್ಕ್ ಎಂಬ ಕ್ಯಾಶ್ ಓದಿಗೆ ಮಾತ್ರ. ಅದು ಹಾಳಾದರೆ ವೇಗವಷ್ಟೇ ಹೋಗುತ್ತದೆ.

ರೈಟ್‌ಬ್ಯಾಕ್‌ಗಾಗಿ ಎರಡು ಎಸ್‌ಎಸ್‌ಡಿಗಳನ್ನು ಮಿರರ್ ಮಾಡಿದರೂ ಚಿಂತೆ ಪೂರ್ತಿ ತೀರದು. ಎರಡಕ್ಕೂ ಒಂದೇ ಬರಹಗಳು ಹೋಗುವುದರಿಂದ ಒಂದೇ ಮಾದರಿಯವು ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ. ಬೇರೆ ಬೇರೆ ತಯಾರಕರವನ್ನು ಜೋಡಿಸುವುದು ಮೇಲು. ವಿದ್ಯುತ್ ಕಡಿತದಲ್ಲಿ ಒಳಗಿನ ಬಫರನ್ನು ಉಳಿಸುವ ಕೆಪಾಸಿಟರ್ ಕೂಡ ಅವುಗಳಲ್ಲಿರಬೇಕು.

ಇಷ್ಟಕ್ಕೆ ಹಣವಿಲ್ಲದ ಕಡೆ ಒಂಟಿ ಎಸ್‌ಎಸ್‌ಡಿಯನ್ನು, ಬರಹ ಡಿಸ್ಕಿಗೂ ತಲುಪಿದ ಮೇಲಷ್ಟೇ 'ಮುಗಿಯಿತು' ಎನ್ನುವ ರೈಟ್‌ಥ್ರೂ ವಿಧಾನದಲ್ಲಷ್ಟೇ ಬಳಸಬೇಕು. ಬಿಕ್ಯಾಶ್ ಪೂರ್ವನಿಯೋಜಿತವಾಗಿ ನಡೆಯುವುದೂ ಅದೇ ವಿಧಾನದಲ್ಲಿ.